ಬಾಕ್ಸ್ ಸಿಗ್ತಿಲ್ಲ ಅಂತ ಅಳೋ ಮುಂಚೆ

ಬೆಂಗಳೂರಲ್ಲಿ ಹಳೇ ಕಾರುಗಳ ಪ್ರೇಮಿಗಳಿಗೇನೂ ಬರ ಇಲ್ಲ. ಆದ್ರೆ ಆ ಪ್ರೇಮ ಹೆಚ್ಚಾಗಿ ಪೇಂಟ್ ಮೇಲೆ, ಅಲಾಯ್ ವೀಲ್ ಮೇಲೆ, ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ದಾರಿಯಲ್ಲಿ ತೆಗೆಯುವ ಫೋಟೋ ಮೇಲೆ. ಪಾರ್ಕಿಂಗ್ ನೆಲದ ಮೇಲೆ ಎಣ್ಣೆ ತೊಟ್ಟಿಕ್ಕಲು ಶುರುವಾದಾಗ ಅದರ ನಿಜವಾದ ಪರೀಕ್ಷೆ.

ಮರ್ಸಿಡಿಸ್ ಡಬ್ಲ್ಯೂ124 ತಗೊಳ್ಳಿ. 1995ರಲ್ಲಿ ಪುಣೆಯಲ್ಲಿ ಜೋಡಿಸಿ ಮಾರಲು ಶುರು ಮಾಡಿದ ಕಾರು. ಅದರಲ್ಲಿ ಈಗಿನ ಕಾರುಗಳ ಹಾಗೆ ರ‍್ಯಾಕ್ ಅಂಡ್ ಪಿನಿಯನ್ ಇಲ್ಲ. ಒಂದು ಗಟ್ಟಿ ಸ್ಟೀರಿಂಗ್ ಬಾಕ್ಸ್ ಇದೆ. ಒಳಗೆ ತಿರುಪು, ಅದರ ಮೇಲೆ ಓಡುವ ನಟ್ಟು, ನಡುವೆ ಸುತ್ತುತ್ತಲೇ ಇರುವ ಉಕ್ಕಿನ ಗುಂಡುಗಳು. ಪಂಪಿನಿಂದ ಬರುವ ಎಣ್ಣೆಯ ಒತ್ತಡ ನಿಮ್ಮ ಕೈಯ ಭಾರ ಇಳಿಸುತ್ತೆ.

ಇದು ಸ್ವಲ್ಪ ಸೋರಿದ್ರೆ, ಸ್ಟೀರಿಂಗ್‌ನಲ್ಲಿ ಪ್ಲೇ ಬಂದ್ರೆ ನಮ್ಮ ಮೊದಲ ತೀರ್ಪು: "ಬಾಕ್ಸ್ ಹೋಯ್ತು, ಬೇರೆ ಬೇಕು." ಆಮೇಲೆ ರಾತ್ರಿಯಿಡೀ ಮೊಬೈಲಿನಲ್ಲಿ ಹುಡುಕಾಟ. ಜರ್ಮನಿಯಲ್ಲಿದೆ, ಅಮೆರಿಕದಲ್ಲಿದೆ! ಇದೆ ಸ್ವಾಮಿ, ಆದ್ರೆ ಅಲ್ಲಿಯದು ಎಡಗಡೆ ಡ್ರೈವರ್ ಕೂರುವ ಕಾರಿನದ್ದು. ನಮ್ಮದು ಬಲಗಡೆ. ಆ ಬಾಕ್ಸ್ ಇಲ್ಲಿ ಕೂರೋದೇ ಇಲ್ಲ. ಇಂಗ್ಲೆಂಡ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಂಥ ಕಡೆ ಹುಡುಕಬೇಕು. ಸಿಕ್ಕರೂ ಬರೋದು ಯಾವುದೋ ಗುಜರಿ ಕಾರಿನಿಂದ ಬಿಚ್ಚಿದ್ದು. ನಿಮ್ಮ ಬಾಕ್ಸಿಗೆ ಎಷ್ಟು ವಯಸ್ಸೋ ಅದಕ್ಕೂ ಹೆಚ್ಚುಕಮ್ಮಿ ಅಷ್ಟೇ. ಅದರ ರಬ್ಬರ್ ಸೀಲೂ ಅಷ್ಟೇ ಹಳೇದು. ಸಾವಿರಾರು ರೂಪಾಯಿ ಸಾಗಣೆ, ಸುಂಕ ಕಟ್ಟಿ ಇನ್ನೊಬ್ಬರ ಸೋರಿಕೆಯನ್ನು ಮನೆಗೆ ತರಿಸಿಕೊಳ್ಳೋದು ಯಾವ ಜಾಣತನ?

"ಸೇಫ್ಟಿ ವಿಷಯ, ರಿಪೇರಿ ನಂಬೋಕಾಗುತ್ತಾ?" ಅಂತೀರಿ. ನ್ಯಾಯವಾದ ಪ್ರಶ್ನೆ. ಒಳಗಿನ ಹಲ್ಲು ಸವೆದಿದ್ರೆ, ಶಾಫ್ಟ್ ತುಕ್ಕು ತಿಂದು ಗುಳಿ ಬಿದ್ದಿದ್ರೆ ಸೀಲ್ ಬದಲಿಸಿ ಏನೂ ಪ್ರಯೋಜನ ಇಲ್ಲ. ಆದ್ರೆ ಅದು ಗೊತ್ತಾಗೋದು ಬಿಚ್ಚಿ ನೋಡಿದ ಮೇಲೆ. ಅದಕ್ಕೂ ಮುಂಚೆ ಟೈ ರಾಡ್ ಎಂಡ್, ಐಡ್ಲರ್ ಆರ್ಮ್ ಬುಷ್, ಸ್ಟೀರಿಂಗ್ ಕಪ್ಲಿಂಗ್ ನೋಡಬೇಕು. ಬಾಕ್ಸಿನ ತಲೆಗೆ ಕಟ್ಟುವ ಪ್ಲೇ ಎಷ್ಟೋ ಸಲ ಇಲ್ಲೇ ಇರುತ್ತೆ. ಕೆಲವರು ಇದ್ಯಾವುದನ್ನೂ ನೋಡದೆ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂ ಬಿಗಿಸ್ತಾರೆ. ಅತಿಯಾಗಿ ಬಿಗಿದ್ರೆ ತಿರುವು ಮುಗಿದ ಮೇಲೂ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರಲ್ಲ. ಅಪಾಯ ಅಂದ್ರೆ ಅದು.

ನಮ್ಮೂರ ಕಡೆ ನೇಗಿಲ ಗುಳ ಸವೆದರೆ ಕುಲುಮೆಗೆ ಒಯ್ದು ಬಡಿಸಿಕೊಂಡು ಬರ್ತಿದ್ರು. ಅದಕ್ಕೆ ಅಲ್ಲೊಬ್ಬ ಕಮ್ಮಾರ ಬೇಕಿತ್ತು, ಅವನ ಹೊಟ್ಟೆ ತುಂಬುವಷ್ಟು ಕಾಳನ್ನು ಊರು ಕೊಡ್ತಿತ್ತು. ನಾವೋ, ಸ್ಟೀರಿಯೋಗೆ ಐವತ್ತು ಸಾವಿರ ಸುರಿದು, ಒಂದಿಡೀ ದಿನ ಕೂತು ಬಾಕ್ಸ್ ಬಿಚ್ಚಿ ತೊಳೆದು ಜೋಡಿಸುವ ಮೇಸ್ತ್ರಿ ಹತ್ರ ಐನೂರು ರೂಪಾಯಿಗೆ ಚೌಕಾಸಿ ಮಾಡ್ತೀವಿ. ಆ ಮೇಸ್ತ್ರಿಯ ಮಗ ಯಾಕೆ ಈ ಕೆಲಸ ಕಲೀತಾನೆ?

ಸರ್ಕಾರದ ಕಥೆಯೂ ಕೇಳಿ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ಕಾರು 'ವಿಂಟೇಜ್'; ಅದಕ್ಕೆ ಬೇರೆ ನಂಬರ್ ಪ್ಲೇಟೇ ಉಂಟು. 1995ರ ಕಾರಿಗೆ ಆ ಮರ್ಯಾದೆ 2045ಕ್ಕೆ. ಅಲ್ಲಿವರೆಗೆ ಅದು ಬದುಕೋದು ಹೇಗೆ? 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು, ಅದರಲ್ಲಿ ವಾಹನಗಳೂ ಸೇರಿವೆ. ಒಳ್ಳೇದೇ. ಆದ್ರೆ ಪೋರ್ಟಲ್ ಕಾನೂನಲ್ಲ.

ಸಾಫ್ಟ್‌ವೇರ್‌ನಲ್ಲಿ ಹೀಗೂ ಆಗೋದುಂಟು: ಇನ್ನು ನೋಡಿಕೊಳ್ಳಲ್ಲ ಅಂತ ಕೈಬಿಟ್ಟ ಕೆಲವು ಪ್ರಾಡಕ್ಟ್‌ಗಳ ಸೋರ್ಸ್ ಕೋಡನ್ನು ಎಲ್ಲರಿಗೂ ಬಿಟ್ಟುಕೊಡ್ತಾರೆ. ಕಾರು ಕಂಪನಿಗಳೂ ಹಾಗೇ ಮಾಡಲಿ. ಒಂದು ಭಾಗ ಮಾರೋದನ್ನು ನಿಲ್ಲಿಸಿದ ದಿನವೇ ಅದರ ಅಳತೆ, ಸೀಲ್‌ಗಳ ಪಟ್ಟಿ, ರಿಪೇರಿ ವಿಧಾನ ಬಹಿರಂಗ ಮಾಡಲಿ ಅಂತ ಕಾನೂನೇ ಹೇಳಬೇಕು. ಅಳತೆ ಸಿಕ್ಕರೆ ಪೀಣ್ಯದಲ್ಲಿ ಬುಷ್ ಕಡೆಯುವವರಿಗೇನು ಕೊರತೆಯೇ?

ಕಾನೂನು ಬರೋತನಕ ನಮ್ಮ ಕೈಲಿರೋದನ್ನಾದ್ರೂ ಮಾಡೋಣ. ಮುಂದಿನ ಸಲ ಎಣ್ಣೆ ಸೋರಿದಾಗ ಬಾಕ್ಸ್ ಹುಡುಕೋ ಮುಂಚೆ ಬಿಚ್ಚಿ ನೋಡಬಲ್ಲ ಮೇಸ್ತ್ರಿಯನ್ನು ಹುಡುಕಿ. ಕೇಳಿದಷ್ಟು ಕೂಲಿ ಕೊಡಿ.