ಸಾಫ್ಟ್ ಸ್ಕಿಲ್ಸ್ ಡಿಗ್ರಿಯಲ್ಲಿ ಅಲ್ಲ, ಲಗೋರಿಯಲ್ಲಿ: ನಲಿ-ಕಲಿ ಹುಟ್ಟಿದ ಜಿಲ್ಲೆಯಲ್ಲೂ ಆಟ 3ನೇ ಕ್ಲಾಸಿಗೇ ನಿಂತಿದ್ದೇಕೆ?

ಮೈಸೂರು: ಡಿಗ್ರಿ ಕೊನೇ ವರ್ಷಕ್ಕೆ ಬಂದ ಮೇಲೆ ಕಾಲೇಜುಗಳಲ್ಲಿ ಎರಡು-ಮೂರು ದಿನದ 'ಸಾಫ್ಟ್ ಸ್ಕಿಲ್ಸ್' ಟ್ರೈನಿಂಗ್ ನಡೆಯುತ್ತೆ. ಹೆದರದೆ ಮಾತಾಡೋದು, ಬೇರೆಯವರ ಮಾತು ಪೂರ್ತಿ ಕೇಳೋದು, ತಂಡದಲ್ಲಿ ಕೆಲಸ ಮಾಡೋದು ಹೇಗೆ ಅಂತ ಸ್ಲೈಡ್ ಹಾಕಿ ತೋರಿಸ್ತಾರೆ. ಆದ್ರೆ ಹದಿನೈದು ವರ್ಷ ಬೆಂಚಿನ ಮೇಲೆ ಕೈಕಟ್ಟಿ ಕೂತು ಬಂದವರಿಗೆ ಗ್ರೂಪ್ ಡಿಸ್ಕಷನ್‌ನಲ್ಲಿ ಎರಡೇ ದಿನದಲ್ಲಿ ಬಾಯಿ ಬರೋದಿಲ್ಲ. ಇದರ ಏಟು ಹೆಚ್ಚು ಬೀಳೋದು ಹಳ್ಳಿ ಸರ್ಕಾರಿ ಶಾಲೆ ಮಕ್ಕಳಿಗೆ.

ಶುರುವಾಗಿದ್ದು ಎಚ್.ಡಿ. ಕೋಟೆಯಲ್ಲಿ

ವಿಚಿತ್ರ ಅಂದ್ರೆ, ಆಡ್ತಾ ಕಲಿಯುವ ಪದ್ಧತಿಗೆ ಇದೇ ಜಿಲ್ಲೆ ತವರು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ರಿಷಿ ವ್ಯಾಲಿ ಮಾದರಿ ನೋಡಿಬಂದ ಸರ್ಕಾರಿ ಶಾಲೆ ಶಿಕ್ಷಕರೇ ಇದನ್ನು ಕಟ್ಟಿದರು. ಮಕ್ಕಳು ಗುಂಪು ಗುಂಪಾಗಿ ನೆಲದ ಮೇಲೆ ಕೂತು ಕಾರ್ಡ್, ಹಾಡು, ಆಟದ ಮೂಲಕ ಕಲಿಯುತ್ತಾರೆ. ಒಂದು ಗುಂಪಿಗೆ ಟೀಚರ್ ಹೇಳಿಕೊಟ್ಟರೆ, ಇನ್ನೊಂದು ಗುಂಪಿನಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡಬೇಕು. ಸಾಫ್ಟ್ ಸ್ಕಿಲ್ಸ್ ಅಂದ್ರೆ ಇದೇ ಅಲ್ವಾ?

ಮುಂದೆ ಈ ಪದ್ಧತಿ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹೋಯಿತು. ಆದ್ರೆ 1ರಿಂದ 3ನೇ ತರಗತಿವರೆಗೆ ಮಾತ್ರ. 4ಕ್ಕೆ ಬಂದ ಕೂಡಲೇ ಮಗು ಮತ್ತೆ ಪಠ್ಯಪುಸ್ತಕ, ನೋಟ್ಸ್, ಟೆಸ್ಟ್.

ಆಡಿಸಿದ್ರೆ ಸಾಕಾ?

ಸಾಲದು. ಲಗೋರಿಯನ್ನೇ ನೋಡಿ. ಕಲ್ಲು ಬಿದ್ದ ಮೇಲೆ ಯಾರು ಜೋಡಿಸಬೇಕು, ಯಾರು ಚೆಂಡಿನವರನ್ನು ಅತ್ತ ಸೆಳೆಯಬೇಕು ಅಂತ ಓಡುತ್ತಲೇ ತೀರ್ಮಾನವಾಗಬೇಕು. ಚೆಂಡು ತಾಗಿತೋ ಇಲ್ಲವೋ ಅನ್ನೋ ಜಗಳವನ್ನೂ ಅಲ್ಲೇ ಮುಗಿಸಬೇಕು. ಆದ್ರೆ ಬೀದಿಯಲ್ಲಿ ಜೋರು ಬಾಯಿಯವನದ್ದೇ ಆಟ, ಮೆತ್ತಗಿನ ಹುಡುಗಿ ಅಂಚಿನಲ್ಲೇ ಉಳೀತಾಳೆ.

ಕ್ಲಾಸಿನಲ್ಲಿ ಬೇಕಾದ ಬದಲಾವಣೆ ಸಣ್ಣದು. ಪ್ರತಿ ಸುತ್ತಿಗೂ ನಾಯಕರನ್ನು ಬದಲಿಸಬೇಕು. ಚೌಕಾಬಾರವನ್ನು ಜೋಡಿಯಾಗಿ ಆಡಿಸಿ, ಯಾವ ಕಾಯಿ ನಡೆಸಬೇಕು ಅಂತ ಇಬ್ಬರೂ ಮಾತಾಡಿಯೇ ನಡೆಸುವ ನಿಯಮ ಮಾಡಬಹುದು. ಮುಗಿದ ಮೇಲೆ ಹತ್ತು ನಿಮಿಷ ಪ್ರಶ್ನೆ: ಯಾರ ಮಾತು ಯಾರೂ ಕೇಳಲಿಲ್ಲ? ಸೋತವರಿಗೆ ಏನನ್ನಿಸಿತು? ಇನ್ನೊಮ್ಮೆ ಆಡಿದ್ರೆ ಏನು ಬದಲಿಸ್ತೀರಿ? ಕಲಿಕೆ ಗಟ್ಟಿಯಾಗೋದು ಈ ಹತ್ತು ನಿಮಿಷದಲ್ಲೇ. ಇದಿಲ್ಲದಿದ್ರೆ ಅದು ಪಿ.ಟಿ. ಪೀರಿಯಡ್ ಅಷ್ಟೇ.

ಕಾಗದದಲ್ಲಿದೆ, ಟೈಮ್‌ಟೇಬಲ್‌ನಲ್ಲಿಲ್ಲ

2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಗೆ 10 ಬ್ಯಾಗ್‌ರಹಿತ ದಿನ ಹೇಳಿದೆ. ಎನ್‌ಸಿಇಆರ್‌ಟಿ 2023ರಲ್ಲಿ 'ಜಾದೂಯಿ ಪಿಟಾರಾ' ಅನ್ನೋ ಆಟಿಕೆ ಪೆಟ್ಟಿಗೆ ತಂತು, ಅದು 3ರಿಂದ 8 ವರ್ಷದವರಿಗೆ. ರಾಜ್ಯದಲ್ಲಿ 'ಸಂಭ್ರಮ ಶನಿವಾರ' ಇದೆ. ಆದ್ರೆ ವರ್ಷಕ್ಕೆ ಕೆಲವೇ ದಿನ ಮಾಡಿದ್ದು ಅಭ್ಯಾಸವಾಗೋದು ಕಷ್ಟ.

ಟೀಚರ್‌ಗಳನ್ನಷ್ಟೇ ದೂರಿ ಪ್ರಯೋಜನವಿಲ್ಲ. ಒಬ್ಬರೇ ಎರಡು-ಮೂರು ತರಗತಿ ನೋಡಿಕೊಂಡು, ಬಿಸಿಯೂಟದ ಲೆಕ್ಕ ಬರೆದು, ಆನ್‌ಲೈನ್ ಎಂಟ್ರಿಯನ್ನೂ ಮಾಡೋ ಕಡೆ ಆಟಕ್ಕೆ ಟೈಮ್ ಎಲ್ಲಿಂದ ಬರಬೇಕು? ಹೈಸ್ಕೂಲಿನಲ್ಲಂತೂ ಎಲ್ಲರ ಕಣ್ಣು ಎಸ್‌ಎಸ್‌ಎಲ್‌ಸಿ ರಿಸಲ್ಟ್ ಮೇಲೆ. ಪೋಷಕರೂ 'ಆಡೋಕೆ ಸ್ಕೂಲಿಗೆ ಯಾಕೆ ಕಳಿಸ್ಬೇಕು' ಅಂತಾರೆ.

ಹಾಗಂತ ದೊಡ್ಡ ಖರ್ಚಿನ ಕೆಲಸವೂ ಇದಲ್ಲ. ಏಳು ಕಲ್ಲು, ಒಂದು ಚೆಂಡು, ಒಂದು ಹಿಡಿ ಕವಡೆ ಸಾಕು. ಬೇಕಾಗಿರೋದು 4ನೇ ತರಗತಿಯಿಂದ ವಾರಕ್ಕೊಂದು ಪೀರಿಯಡ್ ಮತ್ತು ಅದನ್ನು ನಡೆಸೋಕೆ ಪುರುಸೊತ್ತಿರುವ ಟೀಚರ್. ಅದು ಸಿಗದಿದ್ರೆ ಎಚ್.ಡಿ. ಕೋಟೆಯ ಮಕ್ಕಳು ಎಂಟನೇ ವಯಸ್ಸಿಗೆ ಗುಂಪಿನಲ್ಲಿ ಕಲಿತದ್ದನ್ನೇ ಇಪ್ಪತ್ತೊಂದಕ್ಕೆ ಮತ್ತೆ ಸ್ಲೈಡ್ ನೋಡಿ ಕಲಿಯಬೇಕಾಗುತ್ತೆ.