ನಂದಿಯ ಪ್ರವಾಸ ಮತ್ತು ರೇಷ್ಮೆಯ ಲೆಕ್ಕ

ನವಮಂಗಳೂರು ಬಂದರಿಗೆ ವಿಹಾರದ ಹಡಗು ಬಂದಾಗ ಅದರ ಪ್ರಯಾಣಿಕರನ್ನು ಬಸ್ಸುಗಳಲ್ಲಿ ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ, ಗೋಡಂಬಿ ಕಾರ್ಖಾನೆಗೂ, ಪೇಟೆಯ ಅಂಗಡಿಗಳಿಗೂ ಕರೆದೊಯ್ದು ಸಂಜೆಯೊಳಗೆ ಹಡಗಿಗೆ ಮರಳಿಸುತ್ತಾರೆ. ಅವರು ಒಂದು ಹಗಲಿನ ಅತಿಥಿಗಳು; ಅವರಿಂದ ಶ್ರಾವಕಾಚಾರವನ್ನು ನಿರೀಕ್ಷಿಸುವುದು ಸಲ್ಲದು. ಆದರೆ ನಮ್ಮ ಕೆಲವು ಟ್ರಸ್ಟುಗಳು ನಂದಿಗೆ ಏರ್ಪಡಿಸುವ 'ಧರ್ಮಪ್ರವಾಸ'ವೂ ಇದೇ ಅಚ್ಚಿನದಾಗಿರುವುದೇಕೆ?

ನಸುಕಿನಲ್ಲಿ ಬೆಂಗಳೂರು ಬಿಟ್ಟು 1,478 ಮೀಟರ್ ಎತ್ತರದ ಬೆಟ್ಟದ ಮೇಲೆ ಸೂರ್ಯದರ್ಶನ, ಟಿಪ್ಪು ಡ್ರಾಪಿನ ಅಂಚಿನಲ್ಲಿ ಛಾಯಾಚಿತ್ರ, ಕೆಳಗೆ ಭೋಗನಂದೀಶ್ವರ ದೇವಾಲಯ, ಮಧ್ಯಾಹ್ನ ಶಿಡ್ಲಘಟ್ಟದ ಕಡೆ ರೇಷ್ಮೆ ನೂಲು ತೆಗೆಯುವ ಮನೆ, ಕೊನೆಗೆ ಸೀರೆಯ ಅಂಗಡಿ. ದೇವಾಲಯದ ಶಿಲ್ಪ ಸೊಗಸಾದುದೆಂಬುದನ್ನು ಅಲ್ಲಗಳೆಯುವವರಾರು? ಆದರೆ ಅಲ್ಲಿಯೇ ಇರುವ ಗೋಪಿನಾಥ ಬೆಟ್ಟದಲ್ಲಿ ಅರ್ಹಂತರ ಚೈತ್ಯಾಲಯವನ್ನು ಕೊಂಡಾಡುವ ಗಂಗರ ಕಾಲದ ಶಾಸನವಿದೆಯೆಂದು ಬಸ್ಸಿನಲ್ಲಿ ಹೇಳುವವರಿಲ್ಲ. ಅದಕ್ಕೆ ವೇಳೆಯಿಲ್ಲ; ಸೀರೆಯಂಗಡಿಗೆ ಎರಡು ಗಂಟೆ ಮೀಸಲು!

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪ್ರಮಾದಚರ್ಯೆಯನ್ನು ವಿವರಿಸುವಾಗ ನಿಷ್ಪ್ರಯೋಜನವಾಗಿ ತಿರುಗುವುದನ್ನು ಮಾತ್ರವಲ್ಲ, ಇತರರನ್ನು ತಿರುಗಿಸುವುದನ್ನೂ ಹೇಳಿದ್ದಾರೆ. ಆ ಎರಡನೆಯ ಮಾತು ಟ್ರಸ್ಟಿಗಳಿಗೆ ಅನ್ವಯಿಸುವುದಿಲ್ಲವೇ?

ಇನ್ನು ರೇಷ್ಮೆ. ವ್ಯಾಪಾರಿಯಾದ ನಾನು ಲೆಕ್ಕದಿಂದಲೇ ಹೇಳುತ್ತೇನೆ. ಒಂದು ಕಿಲೋ ಗೂಡಿನಲ್ಲಿ ಸುಮಾರು 500ರಿಂದ 600 ಗೂಡುಗಳು. ಒಂದು ಕಿಲೋ ಕಚ್ಚಾ ರೇಷ್ಮೆಗೆ ಆರೇಳು ಕಿಲೋ ಗೂಡು ಬೇಕು. ಅರ್ಧ ಕಿಲೋ ರೇಷ್ಮೆಯ ಸೀರೆಯೆಂದರೆ ಕಡಿಮೆಯೆಂದರೂ 1,500 ಜೀವಗಳು. ಪ್ರತಿ ಗೂಡಿನೊಳಗೂ ಒಂದು ಕೋಶಾವಸ್ಥೆಯ ಪ್ರಾಣಿ ಇರುತ್ತದೆ. ಅದು ಚಿಟ್ಟೆಯಾಗಿ ಗೂಡನ್ನು ಕೊರೆದು ಹೊರಬಂದರೆ ಎಳೆ ತುಂಡಾಗುವುದರಿಂದ, ಮೊದಲೇ ಬಿಸಿಗೆ ಒಡ್ಡಿ ಕೊಂದು, ಕುದಿನೀರಿನಲ್ಲಿ ಬೇಯಿಸಿ ನೂಲು ಬಿಚ್ಚುತ್ತಾರೆ. ನಮ್ಮ ಪ್ರವಾಸಿಗರು ಇದನ್ನು ಕಣ್ಣಾರೆ ಕಂಡು, ಮೂಗಿಗೆ ಸೆರಗು ಹಿಡಿದು ಹೊರಬಂದು, ಮುಂದಿನ ನಿಲ್ದಾಣದಲ್ಲಿ ಸೀರೆಯ ಬೆಲೆ ಚೌಕಾಶಿ ಮಾಡುತ್ತಾರೆ. ಸಂಜೆ ಬಸ್ಸಿನಲ್ಲಿ ಗೆಡ್ಡೆಗೆಣಸಿನ ಚಿಪ್ಸು ಹಂಚಿದರೆ ಮಾತ್ರ ಕೋಲಾಹಲ!

ಇದು ಉದ್ಯೋಗೀ ಹಿಂಸೆ, ಗೃಹಸ್ಥನಿಗೆ ಅನಿವಾರ್ಯವೆಂದು ಕೆಲವರ ಸಮಾಧಾನ. ಹಿಪ್ಪುನೇರಳೆ ಬೆಳೆದು ಹೊಟ್ಟೆ ಹೊರೆಯುವ ರೈತನಿಗೆ ಆ ಮಾತು ಸಲ್ಲಬಹುದು. ನಾನು ಅವನನ್ನು ದೂಷಿಸಲಾರೆ, ಅವನು ನಮ್ಮ ಅಣುವ್ರತಗಳನ್ನು ಸ್ವೀಕರಿಸಿದವನಲ್ಲ. ಬೀರುವಿನಲ್ಲಿ ಹದಿನೈದು ಸೀರೆಗಳಿರುವ ಮನೆಗೆ ಹದಿನಾರನೆಯದು ಯಾವ ಉದ್ಯೋಗ? ಕೃತ, ಕಾರಿತ, ಅನುಮೋದನಗಳೆಂದು ಪಾಠ ಹೇಳುವವರು ನಾವೇ ಅಲ್ಲವೇ?

'ಅಹಿಂಸಾ ರೇಷ್ಮೆ'ಯ ಹೆಸರನ್ನೂ ಮುಂದೊಡ್ಡುತ್ತಾರೆ. ಚಿಟ್ಟೆ ಹೊರಬಂದ ಗೂಡಿನಿಂದ ಅಖಂಡವಾದ ಎಳೆ ದೊರೆಯದು; ಅದನ್ನು ಹತ್ತಿಯಂತೆ ನೂಲಬೇಕು, ಹೊಳಪೂ ಮಂದ. ಪ್ರವಾಸದ ಅಂಗಡಿಯಲ್ಲಿ ಮಿನುಗುವ ಸೀರೆ ಅದಲ್ಲವೆಂಬುದು ಕೊಳ್ಳುವವರಿಗೂ ಗೊತ್ತು.

ಹಿರಿಯರು ಮಡಿಗೆ ರೇಷ್ಮೆಯನ್ನೇ ಉಡುತ್ತಿದ್ದರೆಂಬ ವಾದ ಬಹಳ ಬಲವಾದುದೆಂದು ಭಾವಿಸಲಾಗಿದೆ. ಆ ಹಿರಿಯರಲ್ಲಿ ಎಷ್ಟು ಮಂದಿ ಗೂಡು ಬೇಯಿಸುವುದನ್ನು ನೋಡಿದ್ದರು? ನಾವು ಟಿಕೇಟು ಕೊಟ್ಟು ನೋಡಿಬಂದಿದ್ದೇವೆ. ಇಷ್ಟಾದ ಮೇಲೂ ಅದೇ ವಸ್ತ್ರವನ್ನುಟ್ಟು ಜಿನಬಿಂಬಕ್ಕೆ ಅಭಿಷೇಕ ಮಾಡುವುದಾದರೆ, ತೊಳೆದ ಹತ್ತಿಯ ಧೋತಿಯಲ್ಲಿ ಯಾವ ಅಶುಚಿಯಿದೆಯೆಂದು ಟ್ರಸ್ಟಿಗಳು ತಿಳಿಸಲಿ.

ಮುಂದಿನ ಪ್ರವಾಸದ ಪಟ್ಟಿಯನ್ನು ಸಭೆಯಲ್ಲಿ ಓದುವಾಗ ಸೀರೆಯಂಗಡಿಯ ಹೆಸರನ್ನು ಹೊಡೆದುಹಾಕಿ ಆ ಎರಡು ಗಂಟೆಗಳನ್ನು ಗೋಪಿನಾಥ ಬೆಟ್ಟಕ್ಕೆ ಕೊಡಿ. ಅಂಗಡಿಯವರಿಂದ ಟ್ರಸ್ಟಿಗೆ ಕಾಣಿಕೆ ಬರುವುದಿದ್ದರೆ ಅದನ್ನು ಯಾವ ಖಾತೆಗೆ ಜಮೆ ಮಾಡಲಾಗುತ್ತಿದೆಯೆಂಬುದನ್ನೂ ಅದೇ ಸಭೆಯಲ್ಲಿ ಓದಿ ಹೇಳಿ.