ಚನ್ನಪಟ್ಟಣದ ಬೊಂಬೆಯೂ ನಮ್ಮ ಕನಿಕರವೂ

ಶೈಕ್ಷಣಿಕ ಪ್ರವಾಸದಿಂದ ಹಿಂದಿರುಗಿದ ವಿದ್ಯಾರ್ಥಿಯು ಕಾಲೇಜಿನ ವಾರ್ಷಿಕ ಸಂಚಿಕೆಗೆ ಏನಾದರೂ ಬರೆಯಬೇಕೆಂಬುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಮೈಸೂರಿನ ಅರಮನೆಯ ದೀಪಗಳನ್ನೂ ಶ್ರೀರಂಗಪಟ್ಟಣದ ಕೋಟೆಯನ್ನೂ ವರ್ಣಿಸುವ ಭಾರವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಮಿತ್ರರಿಗೆ ಬಿಟ್ಟಿದ್ದೇನೆ. ನಾನು ಬರೆಯಹೊರಟಿರುವುದು ನಮ್ಮ ಬಸ್ಸು ಒಂದು ಗಂಟೆಯ ಕಾಲ ನಿಂತ ಒಂದು ಗೊಂಬೆಯ ಅಂಗಡಿಯನ್ನು ಕುರಿತು. ಅದಕ್ಕಿಂತ ಹೆಚ್ಚಾಗಿ, ಆ ಅಂಗಡಿಯಲ್ಲಿ ನಾವೆಲ್ಲರೂ ಆಡಿದ ಒಂದು ಮಾತನ್ನು ಕುರಿತು. "ಇಂಥ ಕಲೆ ಉಳಿಯಬೇಕು" ಎಂಬುದೇ ಆ ಮಾತು. ನಾನೂ ಆಡಿದೆ. ಈಗ ಅದು ಅಷ್ಟು ಸುಲಭವಾಗಿ ನನ್ನ ಬಾಯಿಗೆ ಬರುತ್ತಿಲ್ಲ.

ಮೈಸೂರಿನಿಂದ ಬೆಂಗಳೂರಿಗೆ ಹೋಗುವ ಹಾದಿಯಲ್ಲಿ ಚನ್ನಪಟ್ಟಣವಿದೆ ಎಂದು ಭೂಗೋಳದಲ್ಲಿ ಓದಿದ್ದೆವು. ಈಗ ಹಾಗೆ ಹೇಳಲು ಬರುವಂತಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಹೊಸ ಹೆದ್ದಾರಿಯು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರಗಳನ್ನೆಲ್ಲ ಪಕ್ಕಕ್ಕೆ ಸರಿಸಿ, ಮೂರು ಗಂಟೆಯ ದಾರಿಯನ್ನು ಒಂದೂವರೆ ಗಂಟೆಯದನ್ನಾಗಿ ಮಾಡಿದೆ. ಪ್ರಯಾಣಿಕನಿಗೆ ಸುಖವಾಯಿತು, ಸಂದೇಹವಿಲ್ಲ. ಆದರೆ ಹಳೆಯ ರಸ್ತೆಯಲ್ಲಿ ಸಾಲಾಗಿ ಕುಳಿತಿದ್ದ ಬೊಂಬೆಯ ಅಂಗಡಿಗಳು ಹಾದುಹೋಗುವವರ ಕಣ್ಣಿಗೆ ಬೀಳುವುದೇ ನಿಂತಿತು. ಚನ್ನಪಟ್ಟಣವನ್ನು ನೋಡಬೇಕಾದರೆ ನೋಡಬೇಕೆಂದೇ ಹೆದ್ದಾರಿಯಿಂದ ಇಳಿಯಬೇಕು. ನಮ್ಮ ಬಸ್ಸಿನ ಚಾಲಕರು ಇಳಿಯಲು ಒಪ್ಪಿದರು. ಆದರೆ ಒಪ್ಪಿದ್ದನ್ನು ದಾರಿಯುದ್ದಕ್ಕೂ ನಮಗೆ ನೆನಪಿಸುತ್ತಲೇ ಇದ್ದರು.

ನಾನು ಧಾರೇಶ್ವರದವನು. ಕುಮಟೆಗೂ ಹೊನ್ನಾವರಕ್ಕೂ ನಡುವೆ, ಕಡಲಿಗೂ ಹೆದ್ದಾರಿಗೂ ನಡುವೆ ಇರುವ ಊರು ನಮ್ಮದು. ನಮ್ಮ 66ನೆಯ ಹೆದ್ದಾರಿ ಅಗಲವಾದ ಮೇಲೆ ಗಾಡಿಗಳು ಹೇಗೆ ಓಡುತ್ತವೆ, ಇಳಿದು ಒಂದು ಲೋಟ ಚಹ ಕುಡಿಯುವವರು ಹೇಗೆ ಕಡಿಮೆಯಾಗುತ್ತಾರೆ ಎಂಬುದನ್ನು ಕಂಡವನು. ಆದುದರಿಂದ ಆ ಹಳೆಯ ರಸ್ತೆಯ ಮೌನವು ನನಗೆ ತೀರ ಅಪರಿಚಿತವೆನಿಸಲಿಲ್ಲ.

ಅಂಗಡಿಯೋ, ಅದನ್ನು ಅಂಗಡಿಯೆನ್ನಬೇಕೋ ಸಂತೆಯೆನ್ನಬೇಕೋ ತಿಳಿಯದು. ಮೇಲಿನ ತೊಲೆಯಿಂದ ಗಿಲಕಿಗಳು ಗೊಂಚಲು ಗೊಂಚಲಾಗಿ ಇಳಿಬಿದ್ದಿದ್ದವು. ಬಾಗಿಲಲ್ಲೇ ತೂಗುವ ಕುದುರೆ. ಅದರ ಬೆನ್ನ ಮೇಲೆ ಲೆಕ್ಕದ ಪುಸ್ತಕ. ತಲೆಯಾಡಿಸುವ ದಂಪತಿಗಳು ಒಂದು ಹಲಗೆಯ ತುಂಬ ನಿಂತು, ಬಂದವರು ಏನು ಹೇಳಿದರೂ ಹೌದೆನ್ನುತ್ತಿದ್ದರು. ಹೆಬ್ಬೆರಳಿನಷ್ಟೆತ್ತರದ ಒಲೆ, ಬೀಸುವ ಕಲ್ಲು, ಒರಳು, ಕೊಡಪಾನಗಳು. ಮಣಿಗಳನ್ನು ಸರಿಸಿ ಎಣಿಸುವ ಚೌಕಟ್ಟು. ಬಣ್ಣಬಣ್ಣದ ರೈಲುಗಾಡಿಗಳು. ಮೂಲೆಯ ಬುಟ್ಟಿಯಲ್ಲಿ ಒಂದು ವಿಚಿತ್ರ ಬುಗುರಿ: ತಿರುಗಿಸಿಬಿಟ್ಟರೆ ತುಸು ಹೊತ್ತು ನೆಟ್ಟಗೆ ತಿರುಗಿ, ಆಮೇಲೆ ತಾನಾಗಿ ತಲೆಕೆಳಗಾಗಿ ತನ್ನ ಹಿಡಿಯ ಮೇಲೆಯೇ ನಿಂತು ತಿರುಗುತ್ತದೆ. 1951ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ನೀಲ್ಸ್ ಬೋರ್ ಮತ್ತು ಪೌಲಿ ಎಂಬ ಇಬ್ಬರು ಮಹಾವಿಜ್ಞಾನಿಗಳು ಇಂಥದೇ ಬುಗುರಿಯೊಂದನ್ನು ಬಗ್ಗಿ ನೋಡುತ್ತಿರುವ ಛಾಯಾಚಿತ್ರವಿದೆ. ನಮ್ಮ ತಂಡದವರೂ ಅಂತೆಯೇ ನೆಲಕ್ಕೆ ಬಗ್ಗಿದರು; ನಮ್ಮೊಡನಿದ್ದ ಅಧ್ಯಾಪಕರೂ ಹೊರತಾಗಲಿಲ್ಲ.

ಅಂಗಡಿಯ ಹಿಂದೆಯೇ ಕೆಲಸದ ಕೋಣೆ. ಯಜಮಾನರಿಗೆ ಐವತ್ತೈದು ದಾಟಿದ್ದೀತು. ಅವರು ಬಳಸುವ ಮರ ಆಲೆ. ಹಾಲಿನಂತೆ ಬಿಳುಪು, ನುಣುಪಾದ ಎಳೆ, ಉಳಿಗೆ ಹದವಾಗಿ ಸಿಕ್ಕುವ ಜಾತಿ. ಅದನ್ನು ಚೆನ್ನಾಗಿ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ ತಿರುಗಿಸುತ್ತಾರೆ. ತಿರುಗುವ ಮರಕ್ಕೆ ಉಳಿ ಮುಟ್ಟಿದೊಡನೆ ಹೊಟ್ಟು ಸುರುಳಿ ಸುರುಳಿಯಾಗಿ ಹಾರಿ, ನೋಡನೋಡುತ್ತಿದ್ದಂತೆ ಚಕ್ರವೋ ತಲೆಯೋ ಮಣಿಯೋ ಮೂಡುತ್ತದೆ. ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಬಣ್ಣ ಸೇರಿಸಿದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಆಮೇಲೆ ತಾಳೆಗರಿ ಎಂದು ಅವರು ಕರೆಯುವ ಒಣ ಎಲೆಯಿಂದ ಒತ್ತಿ ಹಿಡಿದರೆ ಹೊಳಪು ಕಣ್ಣು ಕೋರೈಸುವಂತೆ ಏಳುತ್ತದೆ. ಆ ಎಲೆಯನ್ನು ಕೈಗೆತ್ತಿಕೊಂಡು ನೋಡಿದೆ. ಅದು ನಮ್ಮ ಕಡಲದಂಡೆಯ ಕೇದಗೆಯ ಬಳಗದ್ದು! ನಮ್ಮಲ್ಲಿ ಹಾವಿನ ಭಯಕ್ಕೆ ಮಕ್ಕಳನ್ನು ಅದರ ಮೆಳೆಯ ಹತ್ತಿರ ಬಿಡುವುದಿಲ್ಲ. ಇಲ್ಲಿ ಅದು ಬೊಂಬೆಗೆ ಮೆರುಗು ಕೊಡುತ್ತಿದೆ. ಅರಗಾದರೂ ಸಣ್ಣದೊಂದು ಕೀಟ ಮರದ ಕೊಂಬೆಯ ಮೇಲೆ ಸ್ರವಿಸಿದ ಅಂಟು. ಮಗು ಬಾಯಿಗಿಟ್ಟುಕೊಂಡರೂ ಹೆದರಬೇಕಾಗಿಲ್ಲವೆಂದು ಯಜಮಾನರು ಹೆಮ್ಮೆಯಿಂದ ಹೇಳಿದರು. ಹಳದಿಗೆ ಅರಿಸಿನ, ನೀಲಿಗೆ ನೀಲಿಗಿಡದ ಬಣ್ಣ.

ಟೀಪೂ ಸುಲ್ತಾನನು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕೆಲಸವನ್ನು ಇಲ್ಲಿ ಬೇರೂರಿಸಿದನೆಂದು ಹೇಳುವ ವಾಡಿಕೆಯಿದೆ. ಅದನ್ನು ನಮಗೆ ಹೇಳಲು ಯಜಮಾನರಿಗೆ ಅಷ್ಟೇನೂ ಆಸಕ್ತಿಯಿರಲಿಲ್ಲ. ಬಂದವರಿಗೆಲ್ಲ ಹೇಳಿ ಹೇಳಿ ಬೇಸತ್ತಿದ್ದಂತೆ ಕಂಡಿತು.

ಇಲ್ಲಿಗೆ ನನ್ನ ಪರಾಕ್ರಮದ ಕಥೆ ಬರುತ್ತದೆ. ಅಕ್ಕನ ಮಗಳಿಗೆಂದು ಒಂದು ರೈಲುಗಾಡಿಯನ್ನು ಆರಿಸಿದೆ. 450 ರೂಪಾಯಿ ಎಂದರು. ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನು ಚೌಕಾಸಿ ಮಾಡದೆ ಇರುವುದುಂಟೇ? ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ಪ್ಲಾಸ್ಟಿಕ್ ರೈಲು, ಕೂಗುವ ರೈಲು, 200 ರೂಪಾಯಿಗೆ ಸಿಕ್ಕುತ್ತದೆಂದೆ. ನಾವು ವಿದ್ಯಾರ್ಥಿಗಳೆಂದೆ. ದೂರದಿಂದ ಬಂದವರೆಂದೆ. ಕೊನೆಗೆ ಅವರು, "ತಗೊಳ್ಳಿ ಹೋಗ್ಲಿ, ಮಕ್ಕಳು ನೀವು" ಎಂದು 350ಕ್ಕೆ ಕೊಟ್ಟರು. ಗೆದ್ದ ಉತ್ಸಾಹದಲ್ಲಿ ನಾನು, "ಇಂಥ ಕಲೆ ಉಳಿಯಬೇಕು ಸಾರ್. ನಿಮ್ಮ ಮಗನೂ ಇದನ್ನೇ ಮಾಡ್ತಾರಾ?" ಎಂದು ಕೇಳಿದೆ.

"ಡಿಪ್ಲೊಮಾ ಓದ್ತಾ ಇದಾನೆ. ಈ ಕಡೆ ತಲೆ ಹಾಕಬೇಡ ಅಂತ ನಾನೇ ಹೇಳಿದೀನಿ."

ಇಷ್ಟನ್ನು ಅವರು ದುಃಖದಿಂದೇನೂ ಹೇಳಲಿಲ್ಲ. ಯಾವ ತಂದೆಯಾದರೂ ಮಗನ ಓದಿನ ಬಗ್ಗೆ ಹೇಳುವಂತೆ, ತುಸು ಎದೆಯುಬ್ಬಿಸಿಯೇ ಹೇಳಿದರು. ಆದರೆ ನಮ್ಮಲ್ಲಿ ಹಲವರ ಮುಖ ಬಾಡಿತು. ಬಸ್ಸಿನಲ್ಲಿ ಕುಳಿತ ಮೇಲೆ ಒಬ್ಬ ಮಿತ್ರರು, ಹೀಗೆ ತಂದೆಯೇ ಮಗನನ್ನು ಬಿಡಿಸಿದರೆ ಪರಂಪರೆ ಏನಾಗಬೇಕು ಎಂದು ಆಕ್ಷೇಪಿಸಿದರು. ಬಸ್ಸು ರಾಮನಗರ ದಾಟುವವರೆಗೂ ಪರಂಪರೆಯ ಚರ್ಚೆ ನಡೆಯಿತು. ಆಮೇಲೆ ಯಾರೋ ಹಾಡು ಹಾಕಿದರು.

ಪರಂಪರೆಯನ್ನು ಕಾಪಾಡಲು ಯಾರೂ ಏನೂ ಮಾಡಿಲ್ಲವೆಂದು ದೂರುವುದು ನ್ಯಾಯವಲ್ಲ. ನಮ್ಮ ಕರಾವಳಿಯ ಮಂಗಳೂರಿನಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1952ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಕರಕುಶಲ ಮಂಡಳಿಯನ್ನು ವರ್ಷಾನುಗಟ್ಟಲೆ ನಡೆಸಿದರು. ಚನ್ನಪಟ್ಟಣದ ಬೊಂಬೆಗೆ 2005-06ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ವಿದೇಶೀ ಆಟಿಕೆಗಳ ಮೇಲಿನ ಸುಂಕವನ್ನು 2020ರಲ್ಲಿ ಶೇಕಡ 20ರಿಂದ 60ಕ್ಕೂ 2023ರಲ್ಲಿ 70ಕ್ಕೂ ಏರಿಸಿದರು. 2021ರ ಜನವರಿಯಿಂದ ಆಟಿಕೆಗಳಿಗೆಲ್ಲ ಗುಣಮಟ್ಟದ ಮುದ್ರೆ ಕಡ್ಡಾಯವಾದಾಗ, ನೋಂದಾಯಿತ ಕುಶಲಕರ್ಮಿಗಳು ತಯಾರಿಸಿ ಮಾರುವ ಆಟಿಕೆಗಳಿಗೆ ವಿನಾಯಿತಿಯನ್ನೂ ಕೊಟ್ಟರು. ಇವೆಲ್ಲ ಬೇಕಾದ ಕೆಲಸಗಳೇ. ಆದರೆ ಗುರುತು ಹೆಸರನ್ನು ಕಾಯುತ್ತದೆ, ಸುಂಕ ಬಾಗಿಲನ್ನು ಕಾಯುತ್ತದೆ. ಬಾಗಿಲೊಳಗೆ ಬಂದು, ಹೆಸರನ್ನು ಹೊಗಳಿ, 450ನ್ನು 350ಕ್ಕೆ ಇಳಿಸುವ ನನ್ನಂಥ ಗಿರಾಕಿಯನ್ನು ಯಾವ ಕಾನೂನು ತಡೆದೀತು?

ಊರಿಗೆ ಬಂದು ರೈಲನ್ನು ಜಗಲಿಯ ಮೇಲಿಟ್ಟೆ. ಮಗುವಿಗಿಂತ ಮೊದಲು ಅದನ್ನು ಎತ್ತಿಕೊಂಡವರು ನನ್ನ ತಂದೆ. ಅವರು ಬಡಗಿ, ಬಾಗಿಲು, ಕಿಟಕಿ, ಮಂಚಗಳ ಕೆಲಸ. ಹೆಬ್ಬೆರಳಿನಿಂದ ಚಕ್ರದ ಅಂಚನ್ನು ಸವರಿದರು, ಮೂಸಿದರು, ಚಕ್ರವನ್ನು ತಿರುಗಿಸಿ ಕಿವಿಯ ಹತ್ತಿರ ಹಿಡಿದರು.

"ಯಾವ ಕಟ್ಟಿಗೆ?"

"ಆಲೆ ಅಂತೆ ಅಪ್ಪಾ."

"ನಮ್ಮ ಏಳೆಲೆ ಹಾಲೆ ಅಲ್ಲ ಇದು. ಬೇರೆ. ಚೊಲೋ ಒಣಗ್ಸಿದಾರೆ. ಎಷ್ಟು ಕೊಟ್ಟೆ?"

ನಾನು ನನ್ನ ವಿಜಯವನ್ನು ಹೇಳಿಕೊಂಡೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ನೂರು ರೂಪಾಯಿ ಯಾರ್ದು ಹೋಯ್ತು?" ಎಂದು ಕೇಳಿದರು. ಕಟ್ಟಿಗೆಯವನು ಬಿಡುವುದಿಲ್ಲ, ಅರಗಿನವನು ಬಿಡುವುದಿಲ್ಲ, ಕರೆಂಟಿನ ಬಿಲ್ಲು ಬಿಡುವುದಿಲ್ಲ. ಹಾಗಾದರೆ ಇಳಿದ ನೂರು ರೂಪಾಯಿ ಯಾವುದರಿಂದ ಇಳಿಯಿತು? ಮೂರು ವರ್ಷ ಅರ್ಥಶಾಸ್ತ್ರವನ್ನು ಓದಿದವನಿಗೆ ಈ ಲೆಕ್ಕ ಹೊಳೆದಿರಲಿಲ್ಲ. ಬಾಗಿಲು ಮಾಡಿಸಿಕೊಂಡವರು ಕೊನೆಯ ಕಂತಿನಲ್ಲಿ "ಇಷ್ಟು ಬಿಡಿ ಆಚಾರ್ರೇ" ಎನ್ನುವುದನ್ನು ಜೀವಮಾನವೆಲ್ಲ ಕೇಳಿದವರಿಗೆ ಹೊಳೆಯಿತು.

ಇನ್ನೊಂದು ಸಂಗತಿಯೂ ಆಗಲೇ ನನಗೆ ನೆನಪಾಯಿತು. ನಾನು ಹೈಸ್ಕೂಲಿನಲ್ಲಿದ್ದಾಗ ರಜೆಯಲ್ಲಿ ಒಮ್ಮೆ ಉಳಿಯನ್ನು ಹಿಡಿದು ಕುಳಿತಿದ್ದೆ. ಅಪ್ಪ ಅದನ್ನು ಕೈಯಿಂದ ಕಸಿದುಕೊಂಡು, "ಪುಸ್ತಕ ಹಿಡಿ" ಎಂದಿದ್ದರು. ನಮ್ಮ ಮನೆಯಲ್ಲಿ ಪದವಿ ಪರೀಕ್ಷೆಗೆ ಕೂರುತ್ತಿರುವವರಲ್ಲಿ ನಾನೇ ಮೊದಲಿಗ. ಹಾಗಾದರೆ ಚನ್ನಪಟ್ಟಣದ ಆ ಡಿಪ್ಲೊಮಾ ಓದುವ ಹುಡುಗ ಯಾರು? ಬಸ್ಸಿನಲ್ಲಿ ನಾವು ಪರಂಪರೆಗೆ ದ್ರೋಹಿಯೆಂದು ಕರೆದದ್ದು ಯಾರನ್ನು? ನನ್ನನ್ನೇ. ನಮ್ಮ ತರಗತಿಯಲ್ಲಿ ನೇಯುವವರ ಮಕ್ಕಳಿದ್ದಾರೆ, ಮೀನು ಹಿಡಿಯುವವರ ಮಕ್ಕಳಿದ್ದಾರೆ, ಮಡಕೆ ಮಾಡುವವರ ಮಕ್ಕಳಿದ್ದಾರೆ. ನಾವೆಲ್ಲರೂ ನಮ್ಮ ನಮ್ಮ ಮನೆಯ ಕಸುಬನ್ನು ಬಿಟ್ಟು, ಇನ್ನೊಬ್ಬರ ಮನೆಯ ಮಗ ಅವನ ಮನೆಯ ಕಸುಬನ್ನು ಬಿಡಬಾರದೆಂದು ಅಪ್ಪಣೆ ಕೊಡಿಸುತ್ತಿದ್ದೇವೆ. ಇದನ್ನು ಕಲಾಪ್ರೇಮವೆನ್ನಬೇಕೋ ಬೇರೆ ಏನೆನ್ನಬೇಕೋ ವಾಚಕರೇ ಹೇಳಲಿ.

ಹಾಗಾದರೆ ಕಲೆ ಅಳಿದುಹೋಗಲಿ ಎನ್ನುವೆಯಾ ಎಂದು ಕೇಳಬಹುದು. ಹಾಗೆ ನಾನು ಹೇಳುವುದಿಲ್ಲ. ಆ ಹುಡುಗ ಡಿಪ್ಲೊಮಾ ಮುಗಿಸಲಿ. ಮುಗಿಸಿದ ಮೇಲೆ ಲೇತಿನ ಮುಂದೆ ಕುಳಿತರೆ ಕಾರ್ಖಾನೆಯ ಸಂಬಳಕ್ಕೆ ಕಡಿಮೆಯಿಲ್ಲದಷ್ಟು ಹುಟ್ಟುವುದಾದರೆ, ಕುಳಿತುಕೊಳ್ಳಬೇಕೇ ಬೇಡವೇ ಎಂಬುದನ್ನು ಅವನೇ ನಿಶ್ಚಯಿಸಲಿ. ಹುಟ್ಟದಿದ್ದರೆ, ಕುಳಿತುಕೋ ಎನ್ನಲು ನಮಗೆ ಅಧಿಕಾರವಿಲ್ಲ. ಕುಶಲಕರ್ಮಿಗೆ ನಮ್ಮ ಕನಿಕರದಿಂದ ಆಗಬೇಕಾದದ್ದು ಏನೂ ಇಲ್ಲ. ಕನಿಕರ ಪಟ್ಟವನು ಬೆಲೆಯನ್ನು ಇಳಿಸಲು ಹಿಂಜರಿಯುವುದಿಲ್ಲ, ಇದಕ್ಕೆ ನಾನೇ ಸಾಕ್ಷಿ.

ಇದಕ್ಕಾಗಿ ಚನ್ನಪಟ್ಟಣದವರೆಗೆ ಹೋಗಬೇಕಾಗಿಯೂ ಇಲ್ಲ. ನಮ್ಮ ಕುಮಟೆ, ಹೊನ್ನಾವರ, ಶಿರಸಿ, ಸಿದ್ದಾಪುರಗಳಲ್ಲಿ ಗುಡಿಗಾರರ ಮನೆಗಳಿವೆ. ಗಂಧದ ಮರದಲ್ಲಿ ಬಳ್ಳಿಯನ್ನೂ ಹಂಸವನ್ನೂ ಬಿಡಿಸುವ, ಬೆಂಡಿನಿಂದ ಬಾಸಿಂಗ ಕಟ್ಟುವ ಕೈಗಳು ಅವು. ನಮ್ಮ ಕಾಲೇಜಿನ ಕ್ರೀಡಾದಿನದಂದು, ವಾರ್ಷಿಕೋತ್ಸವದಂದು ಹಂಚುವ ಬಹುಮಾನಗಳನ್ನು ಒಮ್ಮೆ ನೋಡಿ: ಚಿನ್ನದ ಬಣ್ಣ ಬಳಿದ ಪ್ಲಾಸ್ಟಿಕ್ಕಿನ ಬಟ್ಟಲುಗಳು, ಆರು ತಿಂಗಳಿಗೆ ಹಿಡಿ ಕಳಚುವಂಥವು. ಚರ್ಚಾಸ್ಪರ್ಧೆಯಲ್ಲಿ ನನಗೂ ಒಂದು ಬಂದಿದೆ, ಅಟ್ಟದ ಮೇಲಿದೆ. ಅದೇ ಹಣದಲ್ಲಿ, ಬಟ್ಟಲುಗಳ ಸಂಖ್ಯೆಯನ್ನು ಬೇಕಾದರೆ ಅರ್ಧ ಮಾಡಿ, ಊರಿನ ಕೈಕೆಲಸದವರಿಂದ ಅವರು ಹೇಳಿದ ಬೆಲೆಗೆ ಬಹುಮಾನಗಳನ್ನು ಮಾಡಿಸಬಾರದೇಕೆ? ವಿದ್ಯಾರ್ಥಿಸಂಘದ ಪದಾಧಿಕಾರಿಗಳೂ ಅಧ್ಯಾಪಕರೂ ಈ ಸಲಹೆಯನ್ನು ಒಂದು ಸಭೆಯಲ್ಲಿಯಾದರೂ ಎತ್ತಿಕೊಳ್ಳಬೇಕೆಂದು ಬೇಡಿಕೊಳ್ಳುತ್ತೇನೆ. ಬೇಡಿಕೆ ಸಣ್ಣದು, ನನಗೂ ಗೊತ್ತು. ಆದರೆ ಪರಂಪರೆಯ ಮೇಲಿನ ಭಾಷಣಸ್ಪರ್ಧೆಯಲ್ಲಿ ಗೆದ್ದವನಿಗೆ ಪ್ಲಾಸ್ಟಿಕ್ ಬಟ್ಟಲು ಕೊಡುವುದಾದರೂ ತಪ್ಪೀತು.

ರೈಲಿನ ವಿಚಾರ ಹೇಳುವುದು ಉಳಿಯಿತು. ಅಕ್ಕನ ಮಗಳು ಮೊದಲು ಅದು ಏಕೆ ಕೂಗುವುದಿಲ್ಲವೆಂದು ಕೇಳಿದಳು. ನಮ್ಮ ಊರಿನವರಿಗೆ ಕೊಂಕಣ ರೈಲಿನ ಕೂಗು ಪರಿಚಯ. ಆಮೇಲೆ ತಾನೇ ಕೂಗಿಕೊಂಡು ಎಳೆಯತೊಡಗಿದಳು. ಮೂರನೆಯ ದಿನ ಅಪ್ಪ, ಕೆಲಸದಲ್ಲಿ ಉಳಿದಿದ್ದ ಹಲಸಿನ ತುಂಡಿನಿಂದ ಒಂದು ಡಬ್ಬಿಯನ್ನು ಮಾಡಿ ಅದರ ಹಿಂದೆ ಜೋಡಿಸಿದ್ದರು. ಅದು ಇಂಜಿನ್ನಿಗಿಂತ ದೊಡ್ಡದಾಗಿತ್ತು, ಬಣ್ಣವಿರಲಿಲ್ಲ. ಅದಕ್ಕೂ ಅರಗು ಹಚ್ಚಬಹುದೇ ಎಂದು ನೋಡುತ್ತಿದ್ದ ಅವರು ನನ್ನನ್ನು ಕರೆದು, "ಕಡ್ಡಿ ಎಷ್ಟು ಹೊತ್ತು ಒತ್ತಿ ಹಿಡೀತಾರೆ? ಎಲೆ ಯಾವಾಗ ಹಿಡೀಬೇಕು, ಬಿಸಿ ಇದ್ದಾಗ್ಲೋ ತಣಿದ ಮೇಲೋ?" ಎಂದು ಕೇಳಿದರು. ನಾನು ಆ ಹೊತ್ತಿನಲ್ಲಿ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಿದ್ದೆ. ತೆಗೆದ ಚಿತ್ರಗಳನ್ನೆಲ್ಲ ತೋರಿಸಿದೆ. ಒಂದರಲ್ಲಿಯೂ ಅವರ ಕೈ ಸರಿಯಾಗಿ ಕಾಣುತ್ತಿರಲಿಲ್ಲ.